ಚೀಲ ಸಾಲಿಯಲ್ಲೇ ಬಿಟ್ಟು ಬಂದೆ

ಒಂದು ಕೈಯಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಕೆಂಪು ಪೆನ್. ಹಂಚಿನ ಮೇಲೆ ರೊಟ್ಟಿ ಸೀದು ಹೋಗಿತ್ತು. ‘ಸಾಲಿ ಬಿಟ್ಟ ಬಂದೀಯೇನ್, ಹೊತ್ತಕೊಂಡ ಬಂದೀಯವ್ವಾ?’ ಅಂದರು ನಮ್ಮತ್ತೆ. ನಗು ಬರಲಿಲ್ಲ, ಸಿಟ್ಟು ಬಂತು.

ಮನೆ ಹುಬ್ಬಳ್ಳಿಯಲ್ಲಿ, ಸಾಲಿ ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. 5, 6, 7ನೇ ತರಗತಿಯ ಕನ್ನಡ ನನ್ನದು. ಒಟ್ಟು 104 ಮಕ್ಕಳು. ನೋಟ್‌ಬುಕ್ ತಿದ್ದುವುದೆಲ್ಲ ಮನೆಯಲ್ಲೇ. ಹಗಲು ಪಾಠ, ಬಿಸಿಯೂಟ, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು ಅನ್ನೋ ಲೆಕ್ಕ, ಸ್ಯಾಟ್ಸ್ ಅನ್ನೋ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬುವ ಮಕ್ಕಳ ಮಾಹಿತಿ. ರಾತ್ರಿ ವಾಟ್ಸಾಪ್ ಗ್ರೂಪು.

ತಡೆಯಲಾಗದೆ ಹೋಗಿದ್ದು 2025ರ ದಸರೆಯಲ್ಲಿ. ರಜೆಯಲ್ಲೇ ಸರ್ಕಾರದ ಜಾತಿ ಸಮೀಕ್ಷೆ ಕೆಲಸ ಬಂತು. ಮನೆ ಮನೆಗೆ ಹೋಗಿ ಮೊಬೈಲಿನಲ್ಲಿ ತುಂಬಬೇಕು. ಒಮ್ಮೊಮ್ಮೆ ಆ್ಯಪ್ ತೆರೆಯುತ್ತಲೇ ಇರಲಿಲ್ಲ, ಕಟ್ಟೆ ಮೇಲೆ ಸುಮ್ನೆ ಕೂರಬೇಕು. ಬನ್ನಿ ಹಂಚುವ ದಿನ ಮನೆಗೆ ಬಂದಾಗ ರಾತ್ರಿ ಒಂಬತ್ತು. ಮಗಳು ಬನ್ನಿ ಎಲೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲೆ ಬಾಡಿತ್ತು. ‘ಈಗೇನ್ ಇದು, ಸರಿ ಅತ್ಲಾಗ’ ಅಂದುಬಿಟ್ಟೆ. ಆಮೇಲೆ ಮೂರು ರಾತ್ರಿ ನಿದ್ದೆ ಬರಲಿಲ್ಲ.

ಯಾರ ಹತ್ತಿರವಾದರೂ ಮಾತಾಡಬೇಕು ಅಂದೆ. ‘ಧಾರವಾಡಕ್ಕ ಹೋಗೂದ ಬಂತೇನ ಮತ್ತ?’ ಅಂತ ನಕ್ಕರು ಯಜಮಾನರು. ನಮ್ಮ ಕಡೆ ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಧಾರವಾಡದಲ್ಲಿ ಡಿಮ್ಹಾನ್ಸ್, ಅಂದರೆ ಮಾನಸಿಕ ಆರೋಗ್ಯದ ಆಸ್ಪತ್ರೆ, ಇರುವುದು ನಮಗೆ ಅನುಕೂಲ ಅನ್ನೋದು ಬಿಟ್ಟು, ನಾವೇ ಅದನ್ನ ಬೈಗುಳ ಮಾಡಿಕೊಂಡಿದ್ದೇವೆ. ನಾನು ಅಲ್ಲಿಗೆ ಹೋಗಲಿಲ್ಲ. 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಹೆಸರು ಹೇಳಲೇಬೇಕು ಅಂತಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ಒಂದೇ ಪ್ರಶ್ನೆ ಕೇಳಿದಳು: ದಿನದಲ್ಲಿ ಯಾವ ಹೊತ್ತಿಗೆ ಜಾಸ್ತಿ ಸಿಟ್ಟು ಬರುತ್ತೆ? ‘ಸಾಲಿಯಲ್ಲಿ’ ಅನ್ನಲು ಹೋದೆ. ಆದರೆ ಸಾಲಿಯಲ್ಲಿ ನನಗೆ ಸಿಟ್ಟೇ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಸಂಜೆ ಏಳರ ಮೇಲೆ, ಮನೆಯಲ್ಲಿ.

ರಜೆ ಮುಗಿದ ದಿನದಿಂದ ನೋಟ್‌ಬುಕ್ಕಿನ ಚೀಲ ಸಾಲಿಯ ಕಪಾಟಿನಲ್ಲೇ ಬಿಟ್ಟು ಬರತೊಡಗಿದೆ. ಈಗ ತರಗತಿಯಲ್ಲೇ ತಿದ್ದುತ್ತೇನೆ, ದಿನಕ್ಕೆ ಒಂದು ಸಾಲಿನಲ್ಲಿ ಕೂತ ಮಕ್ಕಳದು. ಉಳಿದವರು ಬರೆಯುತ್ತಿರುತ್ತಾರೆ, ಒಬ್ಬೊಬ್ಬರಾಗಿ ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ಮೊದಲ ವಾರವೇ ಐದನೇ ತರಗತಿಯ ಹುಡುಗ ‘ಬಾರತ’ ಅಂತ ಬರೆದು ತಂದ. ನಾನು ಪೆನ್ ಎತ್ತುವ ಮೊದಲೇ ‘ಅಕ್ಕೋರ, ಹೊಟ್ಟಿ ಸೀಳೂದ ಮರ್ತೇನ್ರಿ’ ಅಂತ ತಾನೇ ಗೀಟು ಎಳೆದ. ಅದೇ ಹುಡುಗನಿಗೆ ಅದೇ ತಪ್ಪನ್ನ ಜೂನ್‌ನಿಂದ ಮನೆಯಲ್ಲಿ ಕೂತು ಕೆಂಪಗೆ ಸುತ್ತಿ ಕಳಿಸುತ್ತಿದ್ದೆ. ಒಂದು ದಿನವೂ ನೋಡಿರಲಿಲ್ಲ ಅವನು.

ಫೋನಿನದು ಸ್ವಲ್ಪ ಕಷ್ಟವಾಯಿತು. ಹೆಡ್‌ಮಾಸ್ತರ್ ಹತ್ತಿರ ನೇರವಾಗಿ ಹೇಳಿದೆ: ‘ಸರ್, ಏಳರ ಮ್ಯಾಲ ಗ್ರೂಪ್ ನೋಡೂದಿಲ್ರಿ. ಅರ್ಜೆಂಟ್ ಇದ್ರ ಫೋನ್ ಮಾಡ್ರಿ.’ ಮುಖ ಗಂಟು ಹಾಕಿಕೊಂಡರು. ಮಾರ್ಚ್ ತನಕ ಬಂದ ಫೋನು ಮೂರು, ಅದರಲ್ಲಿ ಒಂದು ಅವರ ಮಗಳ ಮದುವೆಗೆ ಕರೆಯಲು! ಬಿಸಿಯೂಟದ ದಾಖಲೆಯನ್ನು ಮೂವರು ಟೀಚರುಗಳು ವಾರಕ್ಕೊಬ್ಬರಂತೆ ಹಂಚಿಕೊಂಡೆವು. ಅದು ಮೊದಲೇ ಆಗಬೇಕಿತ್ತು.

ಎಲ್ಲರೂ ಹೇಳುವ ವಾಕಿಂಗ್ ನನಗೆ ಆಗಿಬರಲಿಲ್ಲ. ಉಣಕಲ್ ಕೆರೆಗೆ ಎಂಟು ದಿನ ಹೋದೆ, ಒಂಬತ್ತನೇ ದಿನ ಮಲಗಿದೆ. ಅದಕ್ಕಿಂತ ಬಸ್ಸೇ ವಾಸಿ. ಮೊದಲು ಬಸ್ಸಿನಲ್ಲೂ ಗ್ರೂಪಿಗೆ ಉತ್ತರ ಬರೆಯುತ್ತಿದ್ದೆ. ಈಗ ಬರುವಾಗ ಫೋನ್ ತೆಗೆಯುವುದಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿಯಿತು, ಸೀಟು ಹೋಯಿತು. ಆದರೂ ಕಂಬ ಹಿಡಿದು ನಿಂತು, ಹೊರಗೆ ಕಡಲೆ ಹೊಲ ನೋಡುತ್ತಾ ಬರುವ ಆ ಮುಕ್ಕಾಲು ಗಂಟೆ ಯಾರದ್ದೂ ಅಲ್ಲ, ನನ್ನದು.

ಎಲ್ಲ ಸರಿಹೋಗಿದೆ ಅಂತ ಅಲ್ಲ. ಮಾರ್ಚಿನಲ್ಲಿ ಎಸ್‌ಎ-2, ಅಂದರೆ ವರ್ಷದ ಕೊನೆಯ ಪರೀಕ್ಷೆಯ ಪೇಪರ್ ಬಂದಾಗ ಮತ್ತೆ ಚೀಲ ತಂದೆ. ಮಗಳು ಬಾಗಿಲಲ್ಲೇ ಅದನ್ನ ಎತ್ತಿ ನೋಡಿ ‘ಇವತ್ತ ಭಾರ ಐತಿ’ ಅಂದಳು. ಎರಡೇ ದಿನ ಅಂದೆ. ನಾಲ್ಕು ದಿನ ಹಿಡಿಯಿತು.