ಜ್ವರದ ರಿಜಿಸ್ಟರಿನ ಪಕ್ಕದಲ್ಲಿ ಮಳೆ ಡೈರಿ

ವಿರಾಜಪೇಟೆ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಆರೋಗ್ಯ ನಿರೀಕ್ಷಣಾಧಿಕಾರಿ. ಡೆಂಗಿ ಯಾವ ವಾರ, ಯಾವ ಊರಲ್ಲಿ ಏಳುತ್ತದೆ ಎಂದು ವರ್ಷದಿಂದ ವರ್ಷಕ್ಕೆ ಗುರುತು ಹಾಕತೊಡಗಿದಾಗ ನನ್ನ ಮೊದಲ ನಕ್ಷೆಯೇ ತಪ್ಪಾಗಿತ್ತು. ಕೆಂಪು ಚುಕ್ಕಿಗಳೆಲ್ಲ ಪೇಟೆಯ ಸುತ್ತ ಮುತ್ತಿಕೊಂಡಿದ್ದವು. ಲ್ಯಾಬ್ ವರದಿಯ ದಿನಾಂಕವನ್ನೂ ವಿಳಾಸವನ್ನೂ ಹಾಗೇ ಇಳಿಸಿಕೊಂಡಿದ್ದೆ. ತೋಟದ ಕೆಲಸಕ್ಕೆ ಬಂದವರು ಪೇಟೆಯ ನೆಂಟರ ವಿಳಾಸ ಕೊಟ್ಟಿದ್ದರು. ರಕ್ತ ಕೊಡುವ ಹೊತ್ತಿಗೆ ಜ್ವರ ಹಿಡಿದು ಐದಾರು ದಿನ ಕಳೆದಿತ್ತು.

ಆಮೇಲೆ ಪ್ರತಿ ರೋಗಿಗೂ ಎರಡು ಪ್ರಶ್ನೆ ಕೇಳತೊಡಗಿದೆ. ಜ್ವರ ಶುರುವಾದದ್ದು ಯಾವತ್ತು? ಅದಕ್ಕೆ ಹಿಂದಿನ ಎರಡು ವಾರ ಎಲ್ಲೆಲ್ಲಿ ಇದ್ದಿರಿ? ತಾರೀಖು ನೆನಪಿಲ್ಲ ಎಂದರೆ, "ಸಂತೆಗೆ ಮುಂಚೆಯೋ ಆಮೇಲೋ, ಅಕ್ಕ?" ಎನ್ನುತ್ತೇನೆ. ಅದೂ ಆಗದಿದ್ದರೆ ತೋಟದ ರೈಟರ (ಗುಮಾಸ್ತರ) ಹಾಜರಿ ಪುಸ್ತಕ ಇದ್ದೇ ಇದೆ, ಕೆಲಸ ತಪ್ಪಿದ ಮೊದಲ ದಿನ ಅಲ್ಲಿ ಸಿಗುತ್ತದೆ. ಹೀಗೆ ತಿದ್ದಿ ಬರೆದಾಗ ಚುಕ್ಕಿಗಳು ಪೇಟೆ ಬಿಟ್ಟು ತೋಟದ ಕೆಲಸಗಾರರು ಇರುವ ಮೂರು ನಾಲ್ಕು ಲೈನ್‌ಮನೆಗಳ ಸಾಲಿಗೆ ಹೋಗಿ ಕೂತವು. ಮರುವರ್ಷವೂ ಹೆಚ್ಚುಕಡಿಮೆ ಅವೇ ಸಾಲುಗಳು.

ಜ್ವರ ಯಾವ ವಾರ ಏಳುತ್ತದೆ ಎಂದು ತಿಳಿಯಲು ಮಳೆಯ ಲೆಕ್ಕವೂ ಬೇಕಿತ್ತು, ಅದಕ್ಕೆ ಎಲ್ಲೂ ಅಲೆಯಬೇಕಾಗಲಿಲ್ಲ. ಕೊಡಗಿನ ಬೆಳೆಗಾರರ ಮನೆಯಲ್ಲಿ ಮಳೆಮಾಪಕ ಇರುತ್ತದೆ, ದಿನದಿನದ ಮಳೆ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಡೈರಿಗೆ ಏರುತ್ತದೆ. ಒಬ್ಬ ಅಜ್ಜ ತಮ್ಮ ಹಳೆಯ ಡೈರಿಗಳನ್ನೆಲ್ಲ ಜಗಲಿಗೆ ತಂದಿಟ್ಟು, "ಕಾಫಿ ಹೂವಿಗೆ ಅಂತ ಬರೆದದ್ದು ಮಗ, ಜ್ವರಕ್ಕೂ ಬರುತ್ತದಾ?" ಎಂದು ಕೇಳಿದರು.

ಬರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಒಣಗಿದ ಡ್ರಮ್ಮಿನ ಗೋಡೆಗೆ, ಬಿದ್ದ ಅಡಿಕೆ ಹಾಳೆಗೆ, ಮರದ ಪೊಟರೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ನೀರು ತಾಗಿದರೆ ಏಳರಿಂದ ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತದೆ. ಅದು ಡೆಂಗಿ ರೋಗಿಯನ್ನು ಕಚ್ಚಿದರೆ ವೈರಸ್ ಅದರ ಮೈಯಲ್ಲಿ ಬಲಿಯಲು 8–12 ದಿನ. ಆಮೇಲೆ ಅದು ಕಚ್ಚಿದವರಿಗೆ ಜ್ವರ ಕಾಣಲು 4–10 ದಿನ. ಎಲ್ಲ ಸೇರಿ ಮೂರರಿಂದ ಐದು ವಾರ. ಜ್ವರದ ಗೆರೆಯನ್ನು ನಾಲ್ಕು ವಾರ ಹಿಂದಕ್ಕೆ ಸರಿಸಿ ಮಳೆಯ ಗೆರೆಯ ಮೇಲಿಟ್ಟ ದಿನ ನಾನು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತ ಕೂತಿದ್ದೆ. ಜುಲೈನ ಜಡಿಮಳೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅಷ್ಟು ನೀರಿಗೆ ಮರಿಗಳೇ ಕೊಚ್ಚಿಹೋಗುತ್ತವೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ನೋಡಬೇಕಾದದ್ದು ಬೇಸಿಗೆಗೆ ತುಂಬಿಟ್ಟ ಡ್ರಮ್ಮು, ತೊಟ್ಟಿಗಳನ್ನು. ಇಡೀ ಜಿಲ್ಲೆಗೆ ಒಂದೇ ತಪಾಸಣೆ ಪಟ್ಟಿ ಎಂಬುದನ್ನು ನಾನು ಒಪ್ಪುವುದಿಲ್ಲ.

ವರ್ಷ ವರ್ಷ ಹೋಲಿಸುವಾಗ ಬರೀ ಪ್ರಕರಣಗಳ ಸಂಖ್ಯೆಯನ್ನೂ ನಂಬಬಾರದು. 2020ರಲ್ಲಿ ಕೋವಿಡ್ ಭಯಕ್ಕೆ ಜ್ವರದವರು ಆಸ್ಪತ್ರೆಗೇ ಬರಲಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿತು, ಪರೀಕ್ಷೆಯೂ ಹೆಚ್ಚಾಯಿತು. ಅದಕ್ಕೇ ನೂರು ಪರೀಕ್ಷೆಗೆ ಎಷ್ಟು ಪಾಸಿಟಿವ್ ಎಂಬ ಅಂಕಣವನ್ನೂ ಪಕ್ಕದಲ್ಲೇ ಬರೆಯುತ್ತೇನೆ.

ಈಗ ಮೊದಲ ಹೂಮಳೆಯ ಮರುದಿನವೇ ಆ ಲೈನ್‌ಮನೆಗಳ ರೈಟರಿಗೆ ಫೋನ್ ಮಾಡುತ್ತೇನೆ. ನೀರು ಚೆಲ್ಲಿದರೆ ಸಾಲದು, ಡ್ರಮ್ಮಿನ ಒಳಬದಿಯನ್ನು ತೆಂಗಿನ ನಾರಿನಿಂದ ಉಜ್ಜಿಸಿ ಎಂದು ಹೇಳುತ್ತೇನೆ. ಆಶಾ ಕಾರ್ಯಕರ್ತೆಯ ಜೊತೆ ಅದೇ ವಾರ ಹೋಗಿ ಟಾರ್ಚ್ ಹಾಕಿ ನೋಡಿ ಬರುತ್ತೇನೆ.