ಕಾಗದಕ್ಕೆ ಒಂದು ಬೆಳಿಗ್ಗೆ, ಅಂಟಿಗೆ ನಾಲ್ಕು ದಿನ

ತೀರ್ಥಹಳ್ಳಿಯ ನಮ್ಮ ಮನೆಯ ಹಳೆಯ ಭಾಗಕ್ಕೆ ಮರದ ಮುಚ್ಚಿಗೆ, ಆಮೇಲೆ ಸೇರಿಸಿದ ಕೋಣೆಗೆ ಆರ್‌ಸಿಸಿ. ಆ ಸಿಮೆಂಟ್ ಚಾವಣಿಗೆ ಅಣ್ಣ ಹೂಬಳ್ಳಿಯ ವಾಲ್‌ಪೇಪರ್ ಅಂಟಿಸಿದ್ದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಪ್ಪಳದಂತೆ ಎದ್ದು ಜೋತುಬಿತ್ತು. ದೀಪಾವಳಿ ಕಳೆದು ಬಿಸಿಲು ನೆಲೆನಿಂತ ಮೇಲೆ ನಾನೇ ಏಣಿ ಹತ್ತಿದೆ.

ಕಾಗದ ಒಂದೇ ಬೆಳಿಗ್ಗೆಯಲ್ಲಿ ಕಿತ್ತು ಬಂತು. ಅದೇ ಹುಮ್ಮಸ್ಸಿನಲ್ಲಿ ಒಂದು ಮೂಲೆಗೆ ಬಣ್ಣಕ್ಕೆ ಮುಂಚಿನ ಪ್ರೈಮರ್ ಬಳಿದೂ ಬಿಟ್ಟೆ. ಮರುದಿನ ನೋಡಿದರೆ ನೀರಾರಿದ ಗದ್ದೆಯಂತೆ ಬಿರುಕು. ಉಗುರಿನಿಂದ ಕೆರೆದಾಗ ಪೊರೆಯಾಗಿ ಸುಲಿದು ಬಂತು. ಪಕ್ಕದ ಮನೆಗೆ ಬಣ್ಣ ಹೊಡೆಯಲು ಬಂದಿದ್ದವರು ಇಣುಕಿ, "ಗಂಜಿ ತೊಳೆಯದೆ ಬಳಿದಿದ್ದೀರಿ ಮಾರಾಯರೇ" ಎಂದರು.

ಅವರು ಗಂಜಿ ಎಂದದ್ದು ವಾಲ್‌ಪೇಪರಿನ ಅಂಟನ್ನು; ಒಣಗಿದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ಗಾಯಕ್ಕೆ ಹಚ್ಚುವ ಅಯೋಡಿನ್ ಅನ್ನು ನೀರಿನಲ್ಲಿ ತೆಳುಮಾಡಿ ಹತ್ತಿಯಿಂದ ಒತ್ತಿದೆ, ಕಡುನೀಲಿಗೆ ತಿರುಗಿತು. ಶಾಲೆಯಲ್ಲಿ ಆಲೂಗಡ್ಡೆಯ ಹೋಳಿನ ಮೇಲೆ ಮಾಡಿದ್ದ ಪ್ರಯೋಗವೇ! ಪಿಷ್ಟದ ಅಂಟಾದರೆ ಮಾತ್ರ ಹೀಗಾಗುತ್ತದೆ; ಸೆಲ್ಯುಲೋಸ್ ಅಂಟಿಗೆ ಬಣ್ಣ ಬರುವುದಿಲ್ಲ, ಒದ್ದೆ ಬೆರಳಾಡಿಸಿ ಲೋಳೆ ಹತ್ತುತ್ತದೆಯೇ ನೋಡಬೇಕು.

ಮೇನ್ ಸ್ವಿಚ್ ಆರಿಸಿ, ಬಿಸಿನೀರಿನಲ್ಲಿ ಅದ್ದಿದ ಸ್ಪಂಜಿನಿಂದ ಒಂದೊಂದು ಮಾರಿನಷ್ಟು ಜಾಗ ನೆನೆಸಿ, ಹತ್ತು ನಿಮಿಷ ಬಿಟ್ಟು ಪುಟ್ಟಿ ಬ್ಲೇಡಿನಿಂದ ಕೆರೆದೆ. ಬಕೆಟ್ಟಿನ ನೀರು ಅಕ್ಕಿ ತೊಳೆದ ನೀರಿನಂತಾದ ತಕ್ಷಣ ಚೆಲ್ಲಿ ಬೇರೆ ನೀರು ತರಬೇಕು, ಇಲ್ಲದಿದ್ದರೆ ಅದೇ ಗಂಜಿಯನ್ನು ಮತ್ತೆ ಬಳಿದಂತೆ. ತೋಳಿನಗುಂಟ ಕಂಕುಳಿಗೆ ಇಳಿಯುವ ನೀರಿಗೆ ಮೊಣಕೈಗೆ ಟವೆಲ್ ಕಟ್ಟಿಕೊಂಡೆ. ಕತ್ತು ನೋವಿಗೆ ಮದ್ದು ಸಿಗಲಿಲ್ಲ. ನಾಲ್ಕನೆಯ ದಿನ ಅಯೋಡಿನ್ ನೀಲಿಯಾಗಲಿಲ್ಲ.

ಕಾಗದದಡಿ ಕಪ್ಪು ಬೂಷ್ಟು ಇದ್ದ ಕಡೆ ಕಿಟಕಿ ತೆರೆದಿಟ್ಟು, ಕನ್ನಡಕ ಹಾಕಿಕೊಂಡು ಬ್ಲೀಚಿಂಗ್ ಪುಡಿಯ ನೀರು ಹಚ್ಚಿ ತೊಳೆದೆ. ಬೇರೆ ಯಾವ ಕ್ಲೀನರನ್ನೂ ಅದಕ್ಕೆ ಬೆರೆಸಕೂಡದು, ವಿಷಾನಿಲ ಏಳಬಹುದು. ಆಮೇಲೆ ಒಂದು ವಾರ ಆರಲು ಬಿಟ್ಟೆ. ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಚಾವಣಿಗೆ ಅಂಟಿಸಿ 24 ಗಂಟೆ ಬಿಟ್ಟಾಗ ಒಳಗೆ ಹನಿ ಕಟ್ಟಲಿಲ್ಲ. ಮಳೆಗಾಲದಲ್ಲಿ ಈ ಪರೀಕ್ಷೆ ನಮ್ಮೂರಲ್ಲಿ ಪಾಸಾಗುವುದು ಕಷ್ಟ.

ಬಿಳಿ ಸಿಮೆಂಟಿನ ಪುಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಕಲಸಿ, ಚಾವಣಿಯನ್ನು ಹದವಾಗಿ ಒದ್ದೆ ಮಾಡಿ ಎರಡು ತೆಳು ಪದರ ಎಳೆದೆ. ಒಣಗಿದ ಮೇಲೆ ರಾತ್ರಿ ದೀಪ ಆರಿಸಿ ಟಾರ್ಚನ್ನು ಚಾವಣಿಗೆ ಒರಗಿಸಿ ಹಿಡಿದರೆ ಪ್ರತಿ ಉಬ್ಬಿಗೂ ನೆರಳು. ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, ಮರುದಿನ ಮುಖಕ್ಕೆ ಮಾಸ್ಕ್ ಕಟ್ಟಿ 180, ಆಮೇಲೆ 220 ನಂಬರಿನ ಎಮರಿ ಕಾಗದದಿಂದ ಉಜ್ಜಿದೆ. ದೂಳು ಒರೆಸಿ ಪ್ರೈಮರ್ ಬಳಿದೆ. ಈ ಸಲ ಬಿರುಕಿಲ್ಲ.

ಫ್ಯಾನಿನ ಕೊಕ್ಕೆಯ ಸುತ್ತ ಮಾತ್ರ ಕೈ ಸೋತು ಸರಿಯಾಗಿ ತೊಳೆದಿರಲಿಲ್ಲ. ಅಲ್ಲಿ ಅಂಗೈ ಅಗಲ ಪ್ರೈಮರ್ ಎದ್ದಿದೆ. ಫ್ಯಾನಿನ ಬಟ್ಟಲು ಅದನ್ನು ಮುಚ್ಚಿಕೊಂಡಿದೆ.