ದೊಡ್ಡ ಸಂಯುಕ್ತ ಸಂಖ್ಯೆಗಳ ಭಾಜ್ಯತೆ: ನಾನು ಪಾಠ ಮಾಡುವ ಬಗೆ

ಶಾಲಾ ಗಣಿತದಲ್ಲಿ 2ರಿಂದ 11ರವರೆಗಿನ ಭಾಜ್ಯತೆಯ ನಿಯಮಗಳನ್ನು ಕಲಿಸಿ ಮುಗಿಸುವ ಹೊತ್ತಿಗೆ ಮಕ್ಕಳ ಮುಂದೆ 72, 88, 132, 792ರಂಥ ಸಂಖ್ಯೆಗಳು ಬಂದು ನಿಲ್ಲುತ್ತವೆ. ಆಗ ಅವರು ಸಹಜವಾಗಿಯೇ ಇನ್ನಷ್ಟು ನಿಯಮಗಳನ್ನು ಬರೆಸಿಕೊಡಿ ಎಂದು ಕೇಳುತ್ತಾರೆ. ಮಾಧ್ಯಮಿಕ ತರಗತಿಗಳಿಗೆ ಈ ಪಾಠ ಮಾಡುವಾಗ ನಾನು ಅಂಥ ಪಟ್ಟಿಯನ್ನು ಕೊಡುವುದಿಲ್ಲ. ಭಾಜಕವನ್ನು ಸರಿಯಾಗಿ ಒಡೆಯುವುದು ಒಂದು ಕೆಲಸ. ಹತ್ತರ ಘಾತಗಳನ್ನು ಆ ಭಾಜಕದಿಂದ ಭಾಗಿಸಿದಾಗ ಉಳಿಯುವ ಶೇಷಗಳನ್ನು ಗಮನಿಸುವುದು ಇನ್ನೊಂದು. ಈ ಎರಡನ್ನು ಬಲ್ಲ ವಿದ್ಯಾರ್ಥಿ ತನಗೆ ಬೇಕಾದ ನಿಯಮವನ್ನು ತಾನೇ ಕಟ್ಟಿಕೊಳ್ಳಬಲ್ಲ ಎಂಬುದು ನನ್ನ ಅನುಭವ.

ಒಡೆಯುವ ಕೆಲಸ ಎಲ್ಲರಿಗೂ ಗೊತ್ತಿರುವ 6ರಿಂದ ಆರಂಭವಾಗುತ್ತದೆ. 2ರಿಂದಲೂ 3ರಿಂದಲೂ ಭಾಗವಾಗುವ ಸಂಖ್ಯೆ 6ರಿಂದ ಭಾಗವಾಗುತ್ತದೆ ಎಂದು ಒಪ್ಪಿಕೊಂಡ ಮಕ್ಕಳು, ಅದೇ ಧಾಟಿಯಲ್ಲಿ 6ರಿಂದಲೂ 12ರಿಂದಲೂ ಭಾಗವಾಗುವುದು 72ರಿಂದ ಭಾಗವಾಗುತ್ತದೆ ಎಂದು ಹೇಳಿಬಿಡುತ್ತಾರೆ. ಅದು ತಪ್ಪು ಎಂದು ನಾನು ಕೂಡಲೇ ಹೇಳುವುದಿಲ್ಲ. 72ನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆಯುವ ಎಲ್ಲ ಬಗೆಗಳನ್ನೂ, ಅಂದರೆ 2×36, 3×24, 4×18, 6×12 ಮತ್ತು 8×9 ಎಂಬುವನ್ನು ಕಪ್ಪುಹಲಗೆಯ ಮೇಲೆ ಬರೆಸಿ, ಪ್ರತಿಯೊಂದು ಜೋಡಿಯನ್ನೂ ಸುಳ್ಳಾಗಿಸುವ ಸಂಖ್ಯೆಯೊಂದನ್ನು ಹುಡುಕುವಂತೆ ಹೇಳುತ್ತೇನೆ. ಸ್ವಲ್ಪ ಹೊತ್ತಿನಲ್ಲಿಯೇ 36 ಎಂಬ ಒಂದೇ ಸಂಖ್ಯೆ ಮೂರು ಜೋಡಿಗಳನ್ನು ಹೊಡೆದುಹಾಕುತ್ತದೆ: ಅದು 2, 36, 4, 18, 6, 12 ಇವೆಲ್ಲವುಗಳಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಆದರೆ 72ರಿಂದ ಆಗುವುದಿಲ್ಲ. 3×24ನ್ನು 24 ಎಂಬ ಸಂಖ್ಯೆಯೇ ಕೆಡವುತ್ತದೆ. ಕೊನೆಗೆ ಉಳಿಯುವುದು 8×9 ಮಾತ್ರ, ಅದನ್ನು ಕೆಡವುವ ಸಂಖ್ಯೆ ಎಷ್ಟು ಹುಡುಕಿದರೂ ಯಾರಿಗೂ ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಪಾಠದಲ್ಲಿ ಆಗಲೇ ಇದೆ. ಒಂದು ಸಂಖ್ಯೆ ಎರಡು ಭಾಜಕಗಳಿಂದ ಭಾಗವಾಗುತ್ತದೆ ಎಂದರೆ ಅದು ಅವುಗಳ ಲ.ಸಾ.ಅ.ದಿಂದ ಭಾಗವಾಗುತ್ತದೆ ಎಂದಷ್ಟೇ ಅರ್ಥ. ಗುಣಲಬ್ಧದಿಂದಲೂ ಭಾಗವಾಗಬೇಕೆಂಬ ಕಟ್ಟುಪಾಡೇನಿಲ್ಲ. 6 ಮತ್ತು 12ರ ಲ.ಸಾ.ಅ. 12 ಮಾತ್ರ. 8 ಮತ್ತು 9 ಪರಸ್ಪರ ‘ಸಹ ಅವಿಭಾಜ್ಯ’ ಸಂಖ್ಯೆಗಳಾದ್ದರಿಂದ, ಅಂದರೆ 1ನ್ನು ಬಿಟ್ಟು ಅವೆರಡಕ್ಕೂ ಬೇರೆ ಸಾಮಾನ್ಯ ಅಪವರ್ತನ ಇಲ್ಲವಾದ್ದರಿಂದ, ಅಲ್ಲಿ ಲ.ಸಾ.ಅ.ವೂ ಗುಣಲಬ್ಧವೂ ಒಂದೇ. ಹೀಗಾಗಿ ಭಾಜಕವನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿ, ಒಂದೇ ಅವಿಭಾಜ್ಯದ ಘಾತವನ್ನು ಚೂರು ಮಾಡದೆ ಒಟ್ಟಿಗೆ ಇಟ್ಟುಕೊಳ್ಳಬೇಕು: 72 ಎಂದರೆ 2³×3², 792 ಎಂದರೆ 2³×3²×11. ಈ ಮಾತನ್ನು ನಾನು ನಿಯಮವಾಗಿ ಬರೆಸುವುದು ಇಲ್ಲಿಗೆ ಬಂದ ಮೇಲೆಯೇ, ಏಕೆಂದರೆ ಮೊದಲೇ ಬರೆಸಿದರೆ ‘ಸಹ ಅವಿಭಾಜ್ಯ’ ಎಂಬ ಷರತ್ತು ಉತ್ತರಪತ್ರಿಕೆಯಲ್ಲಿ ಇರುತ್ತದೆ, ತಲೆಯಲ್ಲಿ ಇರುವುದಿಲ್ಲ.

ಘಾತವನ್ನು ಚೂರು ಮಾಡಬಾರದು ಎಂಬುದಕ್ಕೆ 27 ಒಳ್ಳೆಯ ಪರೀಕ್ಷೆ. 3ಕ್ಕೂ 9ಕ್ಕೂ ಅಂಕಿಗಳ ಮೊತ್ತ ನೋಡಿದ ಮಕ್ಕಳು 27ಕ್ಕೂ ಅದನ್ನೇ ಮಾಡಲು ಹೊರಡುತ್ತಾರೆ. 1899ರ ಅಂಕಿಗಳ ಮೊತ್ತ ಸರಿಯಾಗಿ 27, ಆದರೂ 27ರಿಂದ ಭಾಗಿಸಿದರೆ ಶೇಷ 9 ಉಳಿಯುತ್ತದೆ. ಇಲ್ಲಿ ನೆರವಿಗೆ ಬರುವುದು 999 = 27×37 ಎಂಬ ಸಂಗತಿ. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ ಕೂಡಿದರೆ 27, 37, 111, 333, 999 ಇವೆಲ್ಲವನ್ನೂ ಒಂದೇ ಮೊತ್ತದಿಂದ ಪರೀಕ್ಷಿಸಬಹುದು.

ಬಿಟ್ಟ ಅಂಕಿಗಳನ್ನು ತುಂಬುವ ಲೆಕ್ಕಗಳಲ್ಲಿ ಈ ಒಡೆಯುವಿಕೆಯ ನಿಜವಾದ ಉಪಯೋಗ ಕಾಣುತ್ತದೆ. 5ಅ74ಬ ಎಂಬ ಐದಂಕಿಯ ಸಂಖ್ಯೆಯನ್ನು ಕೊಟ್ಟು, ಅದು 72ರಿಂದ ಭಾಗವಾಗುವಂತೆ ಅ ಮತ್ತು ಬ ಬೆಲೆಗಳನ್ನು ಕಂಡುಹಿಡಿಯಿರಿ ಎನ್ನುತ್ತೇನೆ. ಕೊನೆಯ ಮೂರು ಅಂಕಿಗಳಾದ 74ಬ 8ರಿಂದ ಭಾಗವಾಗಬೇಕಾದ್ದರಿಂದ ಬ = 4; ಅಂಕಿಗಳ ಮೊತ್ತ 20+ಅ 9ರಿಂದ ಭಾಗವಾಗಬೇಕಾದ್ದರಿಂದ ಅ = 7. ಉತ್ತರ 57744, ಅಂದರೆ 72×802. ಇದೇ ಸಂಖ್ಯೆಯನ್ನು 88ಕ್ಕೆ ಕೇಳಿದರೆ ಬ ಮತ್ತೆ 4 ಆಗಿಯೇ ಉಳಿಯುತ್ತದೆ; 11ರ ನಿಯಮದಂತೆ ಒಂದು ಬಿಟ್ಟು ಒಂದು ಅಂಕಿಯ ಮೊತ್ತಗಳ ವ್ಯತ್ಯಾಸ 12−ಅ ಆಗಿ, ಅ = 1 ಬರುತ್ತದೆ. 51744 = 88×588. ಆಮೇಲೆ 792ನ್ನು ಕೇಳುತ್ತೇನೆ. 9 ತನಗೆ ಅ = 7 ಬೇಕೆನ್ನುತ್ತದೆ, 11 ತನಗೆ ಅ = 1 ಬೇಕೆನ್ನುತ್ತದೆ; ಆದ್ದರಿಂದ ಅಂಥ ಸಂಖ್ಯೆಯೇ ಇಲ್ಲ. ಉತ್ತರವಿಲ್ಲದ ಲೆಕ್ಕವನ್ನು ಕೊಡುವುದು ಅನ್ಯಾಯ ಎಂದು ಗೊಣಗುವವರು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಆದರೆ ಇಲ್ಲ ಎಂಬುದನ್ನು ಇಷ್ಟು ಖಚಿತವಾಗಿ, ಹತ್ತಾರು ಸಂಖ್ಯೆಗಳನ್ನು ಭಾಗಿಸಿ ನೋಡದೆಯೇ ಹೇಳಬಲ್ಲೆವು ಎಂಬುದು ನನಗಂತೂ ಈ ಪಾಠದ ಅತ್ಯಂತ ಇಷ್ಟದ ಭಾಗ.

ಪರೀಕ್ಷೆಯ ಕ್ರಮದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 2 ಮತ್ತು 5ರ ಘಾತಗಳನ್ನು ಮೊದಲು ನೋಡಬೇಕು, ಏಕೆಂದರೆ ಅವು ಕೊನೆಯ ಕೆಲವೇ ಅಂಕಿಗಳನ್ನು ಕೇಳುತ್ತವೆ. ಅಲ್ಲಿಯೇ ಸೋತ ಸಂಖ್ಯೆಗೆ ಮುಂದಿನ ಪರೀಕ್ಷೆಯ ಅಗತ್ಯವಿಲ್ಲ. ಅನಂತರ 3 ಮತ್ತು 9, ಕೊನೆಯಲ್ಲಿ ಉಳಿದವು.

ಉಳಿದವುಗಳಲ್ಲಿ 7, 11 ಮತ್ತು 13ನ್ನು ಬೇರೆ ಬೇರೆಯಾಗಿ ಪರೀಕ್ಷಿಸುವುದು ನನಗೆ ಒಪ್ಪಿಗೆಯಾಗದ ಪದ್ಧತಿ. 7×11×13 = 1001 ಆದ್ದರಿಂದ 1000 ಎಂಬುದು ಇವು ಮೂರಕ್ಕೂ −1 ಇದ್ದಂತೆ, ಅಂದರೆ ಇವುಗಳ ಅಪವರ್ತ್ಯವೊಂದಕ್ಕಿಂತ ಒಂದು ಕಡಿಮೆ. ಬಲದಿಂದ ಮೂರಂಕಿಯ ಗುಂಪುಗಳನ್ನು ಮಾಡಿ ಒಂದನ್ನು ಕೂಡಿ ಒಂದನ್ನು ಕಳೆಯುತ್ತ ಹೋದರೆ ಮೂರಕ್ಕೂ ಒಂದೇ ಚಿಕ್ಕ ಸಂಖ್ಯೆ ಸಿಗುತ್ತದೆ. ಲಕ್ಷ, ಕೋಟಿಗಳ ಅಲ್ಪವಿರಾಮ ಹಾಕಿ ಬರೆದ ಸಂಖ್ಯೆಯಲ್ಲಿ ಮಕ್ಕಳು ಆ ಗುರುತುಗಳನ್ನೇ ಗುಂಪುಗಳೆಂದು ತಿಳಿಯುವುದುಂಟು, ಹಾಗಾಗಿ ಇಲ್ಲಿ ಅಲ್ಪವಿರಾಮಗಳನ್ನು ತೆಗೆಸಿ ಮೂರು ಮೂರು ಅಂಕಿಗೆ ಗೆರೆ ಎಳೆಸುತ್ತೇನೆ. 73204362 ಎಂಬುದು 1386ರಿಂದ ಭಾಗವಾಗುತ್ತದೆಯೇ ಎಂದು ನೋಡೋಣ. 1386 = 2×9×7×11. ಕೊನೆಯ ಅಂಕಿ ಸಮ; ಅಂಕಿಗಳ ಮೊತ್ತ 27; ಇನ್ನು 362−204+73 = 231, ಅದು 77ರ ಮೂರು ಪಟ್ಟು. 7 ಮತ್ತು 11 ಎರಡೂ ಒಂದೇ ಏಟಿಗೆ ಮುಗಿದವು. ಭಾಗಿಸಿ ನೋಡಿದರೆ ಭಾಗಲಬ್ಧ 52817.

ಒಮ್ಮೆ ಒಬ್ಬ ವಿದ್ಯಾರ್ಥಿನಿ, ಎರಡು ಪರೀಕ್ಷೆಗಳ ಗೋಜಿಲ್ಲದೆ 72ಕ್ಕೇ ಮೀಸಲಾದ ಒಂದು ನಿಯಮ ಇರಲಾರದೇ ಎಂದು ಕೇಳಿದಳು. ಇದಕ್ಕೆ ಉತ್ತರ ಕೊಡಲು ನಾನು ಬಳಸಿದ್ದು 17ನೆಯ ಶತಮಾನದ ಫ್ರೆಂಚ್ ಗಣಿತಜ್ಞ ಬ್ಲೇಸ್ ಪಾಸ್ಕಲ್ ವಿವರಿಸಿದ ವಿಧಾನವನ್ನು: ಬಿಡಿ, ಹತ್ತು, ನೂರು, ಸಾವಿರ ಎಂಬ ಸ್ಥಾನಬೆಲೆಗಳನ್ನು ಭಾಜಕದಿಂದ ಭಾಗಿಸಿ ಶೇಷಗಳನ್ನು ಸಾಲಾಗಿ ಬರೆದುಕೊಂಡು, ಆಯಾ ಸ್ಥಾನದ ಅಂಕಿಯನ್ನು ಆಯಾ ಶೇಷದಿಂದ ಗುಣಿಸಿ ಕೂಡುವುದು. ಹಿಂದಿನ ಶೇಷವನ್ನು 10ರಿಂದ ಗುಣಿಸಿ ಮತ್ತೆ ಭಾಗಿಸಿದರೆ ಮುಂದಿನ ಶೇಷ ಸಿಗುವುದರಿಂದ ಸಾಲು ಬೇಗ ಬೆಳೆಯುತ್ತದೆ. 72ಕ್ಕೆ ಆ ಸಾಲು 1, 10, 28, 64, 64, 64 ಎಂದು ಬಂದಿತು. ಸಾವಿರದ ಸ್ಥಾನದಿಂದ ಆಚೆಗೆ ಶೇಷ ಬದಲಾಗುವುದೇ ಇಲ್ಲ. 64 ಎಂಬುದು 72ಕ್ಕಿಂತ 8 ಕಡಿಮೆಯಾದ್ದರಿಂದ 64ರ ಬದಲು −8 ಎಂದು ಬರೆದರೆ ನಿಯಮ ಇನ್ನೂ ಹಗುರವಾಗುತ್ತದೆ: ಕೊನೆಯ ಮೂರಂಕಿಯ ಸಂಖ್ಯೆಯಿಂದ, ಉಳಿದ ಅಂಕಿಗಳ ಮೊತ್ತದ ಎಂಟು ಪಟ್ಟನ್ನು ಕಳೆಯಿರಿ. 57744ಕ್ಕೆ 744−8×12 = 648, ಅಂದರೆ 72ರ ಒಂಬತ್ತು ಪಟ್ಟು.

ಈ ಒಂದೇ ಸಾಲಿನಲ್ಲಿ 8ರ ನಿಯಮವೂ 9ರ ನಿಯಮವೂ ಅಡಗಿವೆ. −8 ಎಂಬುದು 8ರ ಅಪವರ್ತ್ಯವಾದ್ದರಿಂದ 8ಕ್ಕೆ ಕೊನೆಯ ಮೂರು ಅಂಕಿಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. 9ರಿಂದ ನೋಡಿದರೆ −8 ಎಂಬುದು 1 ಇದ್ದಂತೆ, ಹಾಗಾಗಿ ಅಲ್ಲಿ ಎಲ್ಲ ಅಂಕಿಗಳೂ ಕೂಡಿಕೊಳ್ಳುತ್ತವೆ. ಎರಡು ಪರೀಕ್ಷೆಗಳನ್ನು ಬೇರೆಯಾಗಿ ಮಾಡಿದಾಗ ತಕ್ಷಣ ಸಿಗದ ಇನ್ನೊಂದು ಲಾಭವೂ ಇದರಲ್ಲಿದೆ: ಭಾಗವಾಗದಿದ್ದರೆ 72ರಿಂದ ಭಾಗಿಸಿದಾಗ ಉಳಿಯುವ ಶೇಷ ಎಷ್ಟು ಎಂಬುದನ್ನೂ ಈ ಸಾಲು ಹೇಳುತ್ತದೆ. 36ಕ್ಕೆ ಸಾಲು 1, 10, 28, 28 ಎಂದೂ, 45ಕ್ಕೆ 1, 10, 10, 10 ಎಂದೂ ಸಾಗುವುದನ್ನು ಮಕ್ಕಳು ತಾವಾಗಿಯೇ ಕಂಡುಕೊಂಡರು. ಶೇಷಗಳ ಈ ಲೆಕ್ಕಾಚಾರಕ್ಕೆ 1801ರಲ್ಲಿ ಜರ್ಮನ್ ಗಣಿತಜ್ಞ ಗಾಸ್ ಸಮಶೇಷ ಸಂಕೇತವನ್ನು (≡) ಕೊಟ್ಟರು. ಶಾಲೆಯಲ್ಲಿ ಆ ಸಂಕೇತದ ಅವಶ್ಯಕತೆ ಇಲ್ಲ, ಶೇಷಗಳ ಸಾಲೇ ಸಾಕು.

ಕೊನೆಯ ಅಂಕಿಯನ್ನು ಕತ್ತರಿಸುವ ವಿಧಾನವನ್ನೂ ಹೇಳಿಕೊಡುತ್ತೇನೆ, ಆದರೆ ಎಚ್ಚರಿಕೆಯೊಂದಿಗೆ. ಬಿಡಿ ಸ್ಥಾನದ ಅಂಕಿಯನ್ನು ಎರಡರಿಂದ ಗುಣಿಸಿ, ಉಳಿದ ಸಂಖ್ಯೆಯಿಂದ ಕಳೆಯುವುದನ್ನು 7ರ ನಿಯಮವೆಂದು ಅನೇಕರು ಬಲ್ಲರು. ಅದು ವಾಸ್ತವವಾಗಿ 21ರ ನಿಯಮ. 7ಕ್ಕೆ ಅದು ಅನ್ವಯಿಸುವುದು 7 ಎಂಬುದು 21ರ ಅಪವರ್ತನವಾದ್ದರಿಂದ. ಹಾಗೆಯೇ 13ಕ್ಕೆ ಹೇಳುವ, ನಾಲ್ಕು ಪಟ್ಟು ಕೂಡುವ ನಿಯಮ ಮೂಲತಃ 39ರದು, 17ಕ್ಕೆ ಹೇಳುವ, ಐದು ಪಟ್ಟು ಕಳೆಯುವ ನಿಯಮ 51ರದು. ಒಂಬತ್ತು ಪಟ್ಟು ಕಳೆದರೆ 91ನ್ನೇ ನೇರವಾಗಿ ಪರೀಕ್ಷಿಸಬಹುದು. ಆದರೆ ಈ ವಿಧಾನ ಭಾಗವಾಗುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ ಹೇಳುತ್ತದೆ, ಶೇಷವನ್ನು ಕಾಪಾಡುವುದಿಲ್ಲ. ಜೊತೆಗೆ 2 ಅಥವಾ 5 ಅಪವರ್ತನವಾಗಿರುವ ಭಾಜಕಗಳಿಗೆ ಇಂಥ ನಿಯಮ ಸಿಗುವುದಿಲ್ಲ. ಆ ಭಾಗವನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು.

323 = 17×19ರಂಥ ಭಾಜಕ ಬಂದಾಗ ಯಾವ ಗುಂಪೂ ಚಿಕ್ಕದಾಗಿ ಕೂಡಿಬರುವುದಿಲ್ಲ. ಅಲ್ಲಿ ನೇರವಾಗಿ ಭಾಗಿಸಿ ಎನ್ನುವುದಕ್ಕೆ ನನಗೆ ಸಂಕೋಚವಿಲ್ಲ.

ಪಾಠದ ಕೊನೆಗೆ ನಾನು ಕೊಡುವ ಕೆಲಸ, 132ಕ್ಕೆ ತಾವೇ ಒಂದು ನಿಯಮ ಕಟ್ಟುವುದು. ಹೆಚ್ಚಿನವರು 4, 3 ಮತ್ತು 11 ಎಂದು ಒಡೆದು ಮೂರು ಪರೀಕ್ಷೆಗಳನ್ನು ಬರೆಯುತ್ತಾರೆ, ಅದು ಸರಿಯಾದ ಉತ್ತರವೇ. ಶೇಷಗಳ ಸಾಲು ಹಿಡಿದವರಿಗೆ 1, 10, 100, 76, 100, 76 ಎಂದು ಬಂದು ಸ್ವಲ್ಪ ಗೊಂದಲವಾಗುತ್ತದೆ, ಆದರೆ ಎರಡೆರಡು ಅಂಕಿಗಳ ಗುಂಪು ಮಾಡಿ ನೋಡಿದರೆ 100 ಎಂಬುದು 33ಕ್ಕೆ 1 ಇದ್ದಂತೆ, 4ಕ್ಕೆ 0 ಇದ್ದಂತೆ ಎಂಬುದು ಹೊಳೆಯುತ್ತದೆ. ಆಗ ಎರಡೇ ಪರೀಕ್ಷೆಗಳು ಸಾಕು: ಕೊನೆಯ ಜೋಡಿ 4ರಿಂದ ಭಾಗವಾಗಬೇಕು, ಜೋಡಿಗಳ ಮೊತ್ತ 33ರಿಂದ ಭಾಗವಾಗಬೇಕು. 614724ರಲ್ಲಿ ಕೊನೆಯ ಜೋಡಿ 24, ಮೊತ್ತ 61+47+24 = 132; ಆದ್ದರಿಂದ ಅದು 132ರಿಂದ ಭಾಗವಾಗುತ್ತದೆ. ಇದೇ ನಿಯಮದಲ್ಲಿ 33 ಇದ್ದಲ್ಲಿ 99 ಇಟ್ಟರೆ 396ರ ಪರೀಕ್ಷೆ ಸಿದ್ಧವಾಗುತ್ತದೆ, ಮತ್ತು 614724 ಅದರಲ್ಲಿ ತೇರ್ಗಡೆಯಾಗುವುದಿಲ್ಲ, ಏಕೆಂದರೆ 132 ಎಂಬ ಮೊತ್ತ 99ರಿಂದ ಭಾಗವಾಗುವುದಿಲ್ಲ.